ಹೊಗೆ ಇಳಿದದ್ದು ಯಾಕೆ? ಕೆಲಸ, ಸರ್ಕಾರದ ಮಾತು ಮತ್ತು ಇಂಗಾಲದ ಲೆಕ್ಕ

2023ರ ಡಿಸೆಂಬರ್ 7. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಜೋರಾಗಿತ್ತು. ಗೋಕಾಕ, ಮುಧೋಳ, ಅಥಣಿ ಕಡೆ ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು. ಅವತ್ತು ಕೇಂದ್ರ ಸರ್ಕಾರದ ಒಂದು ಆದೇಶ ಬಂತು: ಈ ವರ್ಷ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವಂತಿಲ್ಲ. ಮಳೆ ಕೈಕೊಟ್ಟಿತ್ತು, ಸಕ್ಕರೆ ಸಾಲದೇ ಹೋದೀತು ಎಂಬ ಭಯ. ಆದರೆ ಅದಕ್ಕೂ ಮೊದಲಿನ ವರ್ಷಗಳಲ್ಲಿ ಇದೇ ಸರ್ಕಾರ ಎಥೆನಾಲ್ ಘಟಕ ಹಾಕುವವರಿಗೆ ಸಾಲದ ಬಡ್ಡಿಯಲ್ಲಿ ನೆರವು ಕೊಟ್ಟಿತ್ತು. ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು 2030ರ ಬದಲು 2025ಕ್ಕೇ ಮುಟ್ಟಬೇಕು ಎಂದಿತ್ತು. ಅದನ್ನು ನಂಬಿ ಕಾರ್ಖಾನೆಗಳು ಕೋಟಿಗಟ್ಟಲೆ ಹಾಕಿದ್ದವು.

ಆದೇಶ ಬಂದು ಎಂಟು ದಿನ ಆಗುವುದರೊಳಗೆ ಸ್ವಲ್ಪ ಸಡಿಲಿಕೆ ಬಂತು. 17 ಲಕ್ಷ ಟನ್ ಸಕ್ಕರೆಗೆ ಸಮನಾಗುವಷ್ಟು ಕಬ್ಬನ್ನು ಎಥೆನಾಲ್‌ಗೆ ಬಳಸಬಹುದು ಎಂದರು. 2024ರ ಆಗಸ್ಟ್‌ನಲ್ಲಿ, ಮುಂದಿನ ಹಂಗಾಮಿಗೆ ನಿರ್ಬಂಧವನ್ನೇ ತೆಗೆದರು. 2023ರ ಅದೇ ಡಿಸೆಂಬರ್‌ನಲ್ಲಿ, ಅದೇ ವಾರ, ಈರುಳ್ಳಿ ರಫ್ತನ್ನೂ ನಿಲ್ಲಿಸಿದ್ದರು. ವಿಜಯಪುರ, ಬಾಗಲಕೋಟೆಯ ಉಳ್ಳಾಗಡ್ಡಿ ರೈತರಿಗೆ ಅದು ಚೆನ್ನಾಗಿ ನೆನಪಿದೆ.

ಆ ಆದೇಶ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಸಕ್ಕರೆ ರೇಟು ಬಡವರ ಮನೆಯ ವಿಷಯವೂ ಹೌದು. ಎಥೆನಾಲ್ ಪೂರ್ತಿ ಹಸಿರು ಇಂಧನ ಅಂತಲೂ ನಾನು ನಂಬಿಲ್ಲ. ಕಬ್ಬು ಕುಡಿಯುವ ನೀರು ಎಷ್ಟು ಅಂತ ಘಟಪ್ರಭೆಯ ದಂಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ನಾಳೆ ಸರ್ಕಾರ ಏನು ಹೇಳುತ್ತದೋ ಗೊತ್ತಿಲ್ಲ ಎಂಬ ಸ್ಥಿತಿ ಇದೆಯಲ್ಲ, ಅದು ಬರೀ ವ್ಯಾಪಾರದ ತಲೆನೋವಲ್ಲ. ಅದು ಯಾರಿಗೆ ಕೆಲಸ ಸಿಗುತ್ತದೆ ಎಂಬುದನ್ನು ಮುಟ್ಟುತ್ತದೆ. ಗಾಳಿಗೆ ಎಷ್ಟು ಇಂಗಾಲ (ಕಾರ್ಬನ್ ಡೈಆಕ್ಸೈಡ್) ಹೋಗುತ್ತದೆ ಎಂಬುದನ್ನೂ ಮುಟ್ಟುತ್ತದೆ. ಈ ಮೂರರ ನಂಟು ಮೊದಲ ನೋಟಕ್ಕೆ ಕಾಣುವುದಿಲ್ಲ. ಬಿಡಿಸಿ ನೋಡೋಣ.

ಗೊತ್ತಿಲ್ಲದ್ದನ್ನು ಅಳೆಯುವುದು ಹೇಗೆ?

'ಆರ್ಥಿಕ ನೀತಿಯ ಅನಿಶ್ಚಿತತೆ' ಎಂದರೆ ಕೇಳುವುದಕ್ಕೆ ಭಾರ. ಅರ್ಥ ಸರಳ: ತೆರಿಗೆ, ರಫ್ತು, ಸಬ್ಸಿಡಿ, ಬಡ್ಡಿ, ವಿದ್ಯುತ್ ದರ ಇವುಗಳ ಬಗ್ಗೆ ಸರ್ಕಾರ ಮುಂದೆ ಏನು ಮಾಡುತ್ತದೆ ಎಂಬುದು ತಿಳಿಯದೇ ಇರುವುದು. ಇದನ್ನು ತಕ್ಕಡಿಗೆ ಹಾಕಲಾಗದು. ಸ್ಕಾಟ್ ಬೇಕರ್, ನಿಕೋಲಸ್ ಬ್ಲೂಮ್, ಸ್ಟೀವನ್ ಡೇವಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಒಂದು ಉಪಾಯ ಕಂಡುಕೊಂಡರು. ಅವರ ಪ್ರಬಂಧ 2016ರಲ್ಲಿ ಪ್ರಕಟವಾಯಿತು. ಪತ್ರಿಕೆಗಳನ್ನು ತೆಗೆದುಕೊಂಡು, ಒಂದೇ ವರದಿಯಲ್ಲಿ ಆರ್ಥಿಕತೆ, ಅನಿಶ್ಚಿತತೆ, ಸರ್ಕಾರದ ನೀತಿ ಈ ಮೂರಕ್ಕೂ ಸೇರಿದ ಪದಗಳು ಬಂದಿವೆಯಾ ಎಂದು ಎಣಿಸುವುದು. ಅಂಥ ವರದಿಗಳು ಜಾಸ್ತಿಯಾದ ತಿಂಗಳು ಸೂಚ್ಯಂಕ ಏರುತ್ತದೆ. ಯುದ್ಧ, ಬ್ಯಾಂಕ್ ಕುಸಿತ, ಕೊರೊನಾ ಬಂದಾಗಲೆಲ್ಲ ಅದು ಏರಿದೆ.

ಭಾರತಕ್ಕೂ ಇಂಥ ಸೂಚ್ಯಂಕ ಇದೆ. ಅದಕ್ಕೆ ಏಳು ಪತ್ರಿಕೆಗಳನ್ನು ಎಣಿಸುತ್ತಾರೆ. ಏಳೂ ಇಂಗ್ಲಿಷ್ ಪತ್ರಿಕೆಗಳು. ದಿಲ್ಲಿ, ಮುಂಬೈನ ಆತಂಕ ಅದರಲ್ಲಿ ಚೆನ್ನಾಗಿ ಸಿಗುತ್ತದೆ. ಈ ಸಲ ಕಬ್ಬಿನ ಬಿಲ್ ಎಷ್ಟು, ಯಾವಾಗ ಎಂಬ ಮೂಡಲಗಿಯ ರೈತನ ಆತಂಕ ಅಷ್ಟು ಸಿಗುವುದಿಲ್ಲ. ಸೂಚ್ಯಂಕ ಉಪಯುಕ್ತವೇ. ಅದರ ಕಿವಿ ಯಾವ ಕಡೆಗಿದೆ ಅಂತ ನೆನಪಿಟ್ಟುಕೊಂಡರೆ ಸಾಕು.

ಕೆಲಸ ಹೋದಾಗ ಹೊಗೆ ಕಡಿಮೆಯಾಗುತ್ತದಾ?

ಮೊದಲ ಉತ್ತರ: ಹೌದು, ಆಗುತ್ತದೆ. 2009ರಲ್ಲಿ, ಜಗತ್ತಿನ ಆರ್ಥಿಕ ಕುಸಿತದ ಹೊತ್ತಿಗೆ, ಕಲ್ಲಿದ್ದಲು, ತೈಲ, ಸಿಮೆಂಟ್ ಮುಂತಾದವುಗಳಿಂದ ಬರುವ ಕಾರ್ಬನ್ ಡೈಆಕ್ಸೈಡ್ ಶೇ. 1.4ರಷ್ಟು ಇಳಿಯಿತು. 2020ರಲ್ಲಿ ಶೇ. 5ಕ್ಕೂ ಹೆಚ್ಚು ಇಳಿಯಿತು. ಕಾರಣ ಎಲ್ಲರಿಗೂ ಗೊತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಆ ಏಪ್ರಿಲ್ ಹೇಗಿತ್ತು ಅಂತ ನೋಡಿದವರು ಮರೆಯುವುದಿಲ್ಲ. ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಗಳ ಶಬ್ದ ಇಲ್ಲ, ಪಾಳಿ ಬದಲಾಗುವ ಹೊತ್ತಿನ ಸೈಕಲ್, ಬೈಕುಗಳ ಸಾಲು ಇಲ್ಲ. ಆಕಾಶ ತಿಳಿಯಾಗಿತ್ತು. ಮನೆಗಳಲ್ಲಿ ಪಗಾರ ಇರಲಿಲ್ಲ.

ಫಿಲಿಪ್ಸ್ ಎಂಬ ಅರ್ಥಶಾಸ್ತ್ರಜ್ಞ 1958ರಲ್ಲಿ ನಿರುದ್ಯೋಗ ಮತ್ತು ಕೂಲಿ ಏರಿಕೆಯ ನಡುವೆ ಒಂದು ನಂಟು ತೋರಿಸಿದ್ದರು: ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಅಂತ. ಅದೇ ಅಚ್ಚಿನಲ್ಲಿ 2020ರಲ್ಲಿ ಕಾಶೆಮ್ ಮತ್ತು ರಹಮಾನ್ ಎಂಬ ಇಬ್ಬರು ಸಂಶೋಧಕರು 'ಪರಿಸರದ ಫಿಲಿಪ್ಸ್ ರೇಖೆ' ಎಂಬ ಮಾತು ತಂದರು. ನಿರುದ್ಯೋಗ ಏರಿದಾಗ ಮಾಲಿನ್ಯ ಇಳಿಯುತ್ತದೆ, ನಿರುದ್ಯೋಗ ಇಳಿದಾಗ ಮಾಲಿನ್ಯ ಏರುತ್ತದೆ. ಅದಾದ ಮೇಲೆ ಹಲವು ದೇಶಗಳ ಅಂಕಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ. ಕೆಲವು ಕಡೆ ಹೌದು ಎಂದು ಬಂದಿದೆ. ಕೆಲವು ಕಡೆ ಅಲ್ಲ ಎಂದೂ ಬಂದಿದೆ.

ಇಲ್ಲಿಗೆ ನಿಲ್ಲಿಸಿದರೆ ಒಂದು ಕೆಟ್ಟ ತೀರ್ಮಾನ ಹುಟ್ಟುತ್ತದೆ: ಭೂಮಿ ತಂಪಾಗಬೇಕಾದರೆ ಜನ ಕೆಲಸ ಕಳೆದುಕೊಳ್ಳಬೇಕು. ಇದು ತಪ್ಪು ಅಂತ ಮನಸ್ಸು ಹೇಳುತ್ತದೆ. ಲೆಕ್ಕವೂ ಅದನ್ನೇ ಹೇಳುತ್ತದೆ. 2009ರಲ್ಲಿ ಇಳಿದದ್ದು 2010ರಲ್ಲಿ ಶೇ. 5.9ರಷ್ಟು ಏರಿತು. ಇಳಿದದ್ದರ ನಾಲ್ಕು ಪಟ್ಟು! 2020ರ ಇಳಿತವನ್ನೂ 2021 ಹೆಚ್ಚುಕಡಿಮೆ ಪೂರ್ತಿ ನುಂಗಿತು.

ಯಾಕೆ ಹೀಗಾಗುತ್ತದೆ? ಜಪಾನಿನ ಯೋಯಿಚಿ ಕಾಯಾ ಅವರ ಒಂದು ಸೂತ್ರ ಇದನ್ನು ಚೆನ್ನಾಗಿ ಬಿಡಿಸುತ್ತದೆ. ಒಟ್ಟು ಇಂಗಾಲ ಎಂದರೆ ನಾಲ್ಕು ಸಂಖ್ಯೆಗಳ ಗುಣಾಕಾರ. ಎಷ್ಟು ಜನ. ಒಬ್ಬೊಬ್ಬರಿಗೆ ಎಷ್ಟು ಉತ್ಪಾದನೆ. ಒಂದು ರೂಪಾಯಿಯ ಉತ್ಪಾದನೆಗೆ ಎಷ್ಟು ಇಂಧನ. ಒಂದು ಯೂನಿಟ್ ಇಂಧನಕ್ಕೆ ಎಷ್ಟು ಇಂಗಾಲ. ಮಂದಿ ಕೆಲಸ ಕಳೆದುಕೊಂಡಾಗ ಇಳಿಯುವುದು ಎರಡನೆಯದು ಮಾತ್ರ. ಆರ್ಡರ್ ವಾಪಸ್ ಬಂದ ದಿನ ಅದು ಮತ್ತೆ ಏರುತ್ತದೆ. ಮೂರನೆಯದು ಮತ್ತು ನಾಲ್ಕನೆಯದು ಇಳಿಯಬೇಕಾದರೆ ಯಾರಾದರೂ ಹೊಸ ಯಂತ್ರ ಕೊಳ್ಳಬೇಕು, ಗಾಳಿ ಗಿರಣಿ ನಿಲ್ಲಿಸಬೇಕು, ಸೂರಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಬೇಕು. ಅಂದರೆ ದುಡ್ಡು ಹಾಕಬೇಕು. ಹಾಗೆ ಇಳಿದ ಇಂಗಾಲ ಇಳಿದೇ ಇರುತ್ತದೆ.

ಆರ್ಥಿಕ ಕುಸಿತದ ಕಾಲದಲ್ಲಿ ಮೂರನೆಯದು ಇನ್ನೂ ಕೆಡುವುದೂ ಉಂಟು. ಒಂದು ಟನ್ ಕಬ್ಬಿಣ ಕರಗಿಸಲು ಕರೆಂಟಿನಿಂದ ಕಾಯುವ ಇಂಡಕ್ಷನ್ ಫರ್ನೇಸ್‌ಗೆ ಸುಮಾರು 600 ಯೂನಿಟ್ ಕರೆಂಟ್ ಬೇಕು. ನಮ್ಮ ದೇಶದ ಗ್ರಿಡ್‌ನ ಕರೆಂಟಿನಲ್ಲಿ ಯೂನಿಟ್‌ಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅಂದರೆ ಟನ್‌ಗೆ 420 ಕಿಲೋ. ಆರ್ಡರ್ ಕಡಿಮೆಯಾಗಿ ಫರ್ನೇಸ್ ಅರ್ಧ ತುಂಬಿ ಓಡಿದರೆ, ಅಥವಾ ದಿನ ಬಿಟ್ಟು ದಿನ ಆರಿಸಿ ಮತ್ತೆ ಕಾಯಿಸಿದರೆ, ಪ್ರತಿ ಟನ್‌ಗೆ ತಗಲುವ ಕರೆಂಟು ಏರುತ್ತದೆ. ಒಲೆ ಹೊತ್ತಿಸಿ ಒಂದೇ ರೊಟ್ಟಿ ಸುಟ್ಟ ಹಾಗೆ. ವಿಜಯಪುರ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದಂಥವೂ ಹಾಗೆಯೇ. ಪೂರ್ತಿ ಸಾಮರ್ಥ್ಯಕ್ಕಿಂತ ಕೆಳಗೆ ಓಡಿಸಿದರೆ ಒಂದೊಂದು ಯೂನಿಟ್‌ಗೆ ಹೆಚ್ಚು ಕಲ್ಲಿದ್ದಲು ಸುಡಬೇಕಾಗುತ್ತದೆ. ಒಟ್ಟು ಹೊಗೆ ಇಳಿದಿರುತ್ತದೆ, ಪ್ರತಿ ವಸ್ತುವಿನ ಹೊಗೆ ಏರಿರುತ್ತದೆ. ಸುದ್ದಿಯಲ್ಲಿ ಮೊದಲನೆಯದು ಮಾತ್ರ ಬರುತ್ತದೆ.

ಲೆಕ್ಕದ ಪುಸ್ತಕಕ್ಕೆ ಬರದ ಹೊಗೆ

ಈಗ ಮನೆಯೊಳಗೆ ಬರೋಣ. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಬೇಸರ ಆಗುವುದು ಇಲ್ಲಿ.

ದುಡಿಯುವವರ ಕೆಲಸ ಹೋಯಿತು ಅಂದುಕೊಳ್ಳಿ. ಉಜ್ವಲಾ ಯೋಜನೆಯಲ್ಲಿ ಬಂದ ಗ್ಯಾಸ್ ಸಿಲಿಂಡರ್ ಮನೆಯಲ್ಲಿದೆ, ತುಂಬಿಸಲು ದುಡ್ಡಿಲ್ಲ. ಅವ್ವ ಮತ್ತೆ ಕಟ್ಟಿಗೆ, ಕುಳ್ಳಿಗೆ ಮರಳುತ್ತಾಳೆ. ಮನೆ ತುಂಬ ಹೊಗೆ, ಕಣ್ಣಲ್ಲಿ ನೀರು, ಮಕ್ಕಳಿಗೆ ಕೆಮ್ಮು. ಆದರೆ ನಾನು ಮೇಲೆ ಕೊಟ್ಟ ಜಾಗತಿಕ ಅಂಕಿಗಳಲ್ಲಿ ಗ್ಯಾಸಿನ ಇಂಗಾಲ ಮಾತ್ರ ಸೇರುತ್ತದೆ, ಕಟ್ಟಿಗೆಯದ್ದು ಸೇರುವುದಿಲ್ಲ. ಅವು ನೆಲದಿಂದ ಅಗೆದು ತೆಗೆದ ಇಂಧನದ ಲೆಕ್ಕಗಳು. ಮರ ಮತ್ತೆ ಬೆಳೆದು ಆ ಇಂಗಾಲ ಹೀರಿಕೊಳ್ಳುತ್ತದೆ ಎಂಬ ತರ್ಕದಲ್ಲಿ ಕಟ್ಟಿಗೆಯನ್ನು ಬೇರೆ ಇಡುತ್ತಾರೆ. ಕಡಿದ ಮರ ಮತ್ತೆ ಬೆಳೆಯದಿದ್ದರೆ ಆ ತರ್ಕ ಮುರಿಯುತ್ತದೆ. ಹೀಗಾಗಿ ಆ ಮನೆ ಗ್ಯಾಸ್ ಬಿಟ್ಟು ಒಲೆಗೆ ಬಂದಾಗ, ಕಾಗದದ ಮೇಲೆ ಇಂಗಾಲ ಇಳಿದ ಹಾಗೆ ಕಾಣುತ್ತದೆ! ಆ ಅಡುಗೆಮನೆಯಲ್ಲಿ ಒಂದು ಗಂಟೆ ಕೂತವರು ಅದನ್ನು ಒಪ್ಪುತ್ತಾರಾ?

ಇನ್ನೊಂದು ತೊಡಕು ನಿರುದ್ಯೋಗದ ಅಂಕಿಯಲ್ಲೇ ಇದೆ. ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2017-18ರಲ್ಲಿ ನಿರುದ್ಯೋಗ ಶೇ. 6.1 ಇತ್ತು, 2023-24ರಲ್ಲಿ ಶೇ. 3.2. ಆದರೆ ನಮ್ಮ ಕಡೆ ಕೆಲಸ ಹೋದವನು 'ನಿರುದ್ಯೋಗಿ' ಆಗಿ ಮನೆಯಲ್ಲಿ ಕೂರುವ ಹಾಗಿಲ್ಲ. ಅವನನ್ನು ನಂಬಿ ಹೊಟ್ಟೆಗಳಿವೆ. ಫೌಂಡ್ರಿಯ ಮೋಲ್ಡರ್ ಊರಿಗೆ ಹೋಗಿ ಅಣ್ಣನ ಹೊಲದಲ್ಲಿ ದುಡಿಯುತ್ತಾನೆ. ಸಮೀಕ್ಷೆಯಲ್ಲಿ ಅವನಿಗೆ ಕೆಲಸ ಇದೆ ಅಂತಲೇ ಬರುತ್ತದೆ. 2018-19ರಲ್ಲಿ ದೇಶದ ದುಡಿಯುವವರಲ್ಲಿ ಶೇ. 42.5 ಜನ ಕೃಷಿಯಲ್ಲಿದ್ದರು. 2020-21ಕ್ಕೆ ಅದು ಶೇ. 46.5 ಆಯಿತು. ಅದೇ ಹೊಲ, ಅದೇ ಬೆಳೆ, ದುಡಿಯುವ ಕೈ ಮಾತ್ರ ಜಾಸ್ತಿ. ಅಮೆರಿಕದಲ್ಲೋ ಯುರೋಪಿನಲ್ಲೋ ಕಂಡ ನಿರುದ್ಯೋಗ–ಇಂಗಾಲದ ನಂಟನ್ನು ಸುಮ್ನೆ ಎತ್ತಿ ನಮ್ಮ ಜಿಲ್ಲೆಗಳ ಮೇಲೆ ಇಟ್ಟರೆ ಹೊಂದುವುದಿಲ್ಲ.

ಗುಳೆ ಹೋಗುವವರ ಕತೆಯೂ ಇದೇ. ಮಳೆ ಇಲ್ಲದ ವರ್ಷ ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಂದ ಜನ ಗೋವಾ, ಪುಣೆ, ಮುಂಬೈಗೆ ಹೋಗುತ್ತಾರೆ. ಅಲ್ಲಿ ಕಟ್ಟಡ ಕೆಲಸ. ಸಿಮೆಂಟ್ ಎಂದರೆ ಸುಣ್ಣದಕಲ್ಲು ಸುಟ್ಟು ಮಾಡುವುದು. ಒಂದು ಟನ್ ಶುದ್ಧ ಸುಣ್ಣದಕಲ್ಲು ಸುಟ್ಟರೆ ಬೆಂಕಿಯ ಹೊಗೆ ಬಿಟ್ಟು, ಕಲ್ಲಿನಿಂದಲೇ 440 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಳ್ಳಿಯ ಬೀಗ ಹಾಕಿದ ಮನೆಯಲ್ಲಿ ಇಂಗಾಲ ಇಲ್ಲ. ಅದು ಆ ಕುಟುಂಬದ ಜೊತೆ ಬಸ್ ಹತ್ತಿ ಹೋಗಿರುತ್ತದೆ.

ಕೈ ಸಾಲದಿದ್ದರೂ ಹೊಗೆ ಏಳುತ್ತದೆ. ಕಬ್ಬು ಕಡಿಯುವ ಗ್ಯಾಂಗ್ ಸಿಗದಿದ್ದಾಗ, ಬೇಗ ಕಡಿದು ಮುಗಿಸಲು ನಿಂತ ಕಬ್ಬಿಗೇ ಬೆಂಕಿ ಹಚ್ಚುತ್ತಾರೆ. ರವದಿಯೆಲ್ಲ (ಕಬ್ಬಿನ ಒಣ ಎಲೆ) ಉರಿದುಹೋಗುತ್ತದೆ, ಮಣ್ಣಿಗೆ ಸೇರಬೇಕಾದ್ದು ಗಾಳಿಗೆ ಸೇರುತ್ತದೆ. ಕೆಲಸ ಹೆಚ್ಚಾದರೆ ಹೊಗೆ ಹೆಚ್ಚು ಎಂಬ ಒಂದೇ ಗೆರೆ ಎಳೆದವರು ಈ ಹೊಲದ ಬದುವಿನ ಮೇಲೆ ಒಮ್ಮೆ ನಿಲ್ಲಬೇಕು.

ಕಾಯುವುದರ ಬೆಲೆ

ಈಗ ಅನಿಶ್ಚಿತತೆಗೆ ಮರಳೋಣ. ಅದು ಇಂಗಾಲವನ್ನು ಎರಡು ಕಡೆಗೆ ಎಳೆಯುತ್ತದೆ. ಹೆದರಿದ ಜನ ಖರ್ಚು ಕಡಿಮೆ ಮಾಡುತ್ತಾರೆ. ಬೈಕು ಮುಂದಿನ ವರ್ಷ ಕೊಳ್ಳೋಣ, ಮನೆ ಆಮೇಲೆ ಕಟ್ಟೋಣ. ಇದರಿಂದ ಹೊಗೆ ತಕ್ಷಣ ಇಳಿಯುತ್ತದೆ. ಹೆದರಿದ ಮಾಲೀಕರು ಹೊಸ ಯಂತ್ರವನ್ನೂ ಕೊಳ್ಳುವುದಿಲ್ಲ, ಹೊಸ ಹುಡುಗರನ್ನೂ ಸೇರಿಸಿಕೊಳ್ಳುವುದಿಲ್ಲ. ಹಳೆಯ ಯಂತ್ರವೇ ಇನ್ನೂ ಹತ್ತು ವರ್ಷ ಓಡುತ್ತದೆ. ಇದರಿಂದ ಹೊಗೆ ನಿಧಾನವಾಗಿ, ಬಹಳ ಕಾಲ ಏರುತ್ತದೆ. ಸಂಶೋಧಕರು ಮೊದಲನೆಯದನ್ನು ಬಳಕೆಯ ಪರಿಣಾಮ, ಎರಡನೆಯದನ್ನು ಹೂಡಿಕೆಯ ಪರಿಣಾಮ ಎನ್ನುತ್ತಾರೆ. ಒಂದು ಅಧ್ಯಯನ 'ಅನಿಶ್ಚಿತತೆಯಿಂದ ಇಂಗಾಲ ಇಳಿಯಿತು' ಎಂದರೆ, ಇನ್ನೊಂದು 'ಏರಿತು' ಎನ್ನುವುದಕ್ಕೆ ಇದೊಂದು ದೊಡ್ಡ ಕಾರಣ. ಎಷ್ಟು ದಿನದ ಲೆಕ್ಕ ನೋಡಿದರು ಎಂಬುದರ ಮೇಲೆ ಉತ್ತರ ನಿಂತಿದೆ.

ಕಾಯುವುದು ಹೆಡ್ಡತನ ಅಲ್ಲ. ಒಮ್ಮೆ ಹಾಕಿದ ಫರ್ನೇಸ್ ವಾಪಸ್ ಕೊಡಲು ಬರುವುದಿಲ್ಲ. ನಾಳೆ ಹೆಚ್ಚು ಗೊತ್ತಾಗುತ್ತದೆ ಅಂದಮೇಲೆ ಇವತ್ತು ತಡೆಯುವುದರಲ್ಲಿ ಲಾಭ ಇದೆ. ಒಬ್ಬೊಬ್ಬರಿಗೆ ಅದು ಸರಿಯಾದ ಲೆಕ್ಕ. ಎಲ್ಲರೂ ಒಟ್ಟಿಗೆ ಕಾದರೆ ಊರಿಗೆ ನಷ್ಟ.

ಗಾಳಿ ವಿದ್ಯುತ್ತಿನಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಸವದತ್ತಿಯ ಗುಡ್ಡದ ಮೇಲೆ, ಬಸವನ ಬಾಗೇವಾಡಿಯ ಬಯಲಿನಲ್ಲಿ ತಿರುಗುವ ಗಾಳಿ ಗಿರಣಿಗಳನ್ನು ನೀವು ನೋಡಿರುತ್ತೀರಿ. 2011-12ರಲ್ಲಿ ದೇಶದಲ್ಲಿ ಸುಮಾರು 3,200 ಮೆಗಾವ್ಯಾಟ್ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿತ್ತು. 2012ರಲ್ಲಿ ತೆರಿಗೆ ರಿಯಾಯಿತಿ ಮತ್ತು ಉತ್ಪಾದನೆಯ ಪ್ರೋತ್ಸಾಹಧನ ಎರಡೂ ನಿಂತವು. ಮರುವರ್ಷ ಸೇರಿದ್ದು ಸುಮಾರು 1,700. ಆಮೇಲೆ ಒಂದನ್ನು 2013ರಲ್ಲಿ, ಇನ್ನೊಂದನ್ನು 2014ರಲ್ಲಿ ವಾಪಸ್ ಕೊಟ್ಟರು. 2016-17ಕ್ಕೆ ಅಲ್ಲಿಯವರೆಗಿನ ದಾಖಲೆಯಾದ ಸುಮಾರು 5,500 ಮೆಗಾವ್ಯಾಟ್ ಬಂತು. ಅಷ್ಟರಲ್ಲಿ ನಿಗದಿತ ದರದ ಬದಲು, ಕಡಿಮೆ ದರ ಹೇಳಿದವರಿಗೆ ಅವಕಾಶ ಎಂಬ ಹರಾಜಿನ ಪದ್ಧತಿ ಬಂತು. ಮುಂದಿನ ವರ್ಷ ಮತ್ತೆ ಸುಮಾರು 1,800ಕ್ಕೆ ಬಿತ್ತು. ಹರಾಜು ಕೆಟ್ಟ ಪದ್ಧತಿ ಅಂತ ನಾನು ಹೇಳುತ್ತಿಲ್ಲ. ಅದರಿಂದ ದರ ಇಳಿದದ್ದು ನಿಜ. ಆದರೆ ಗೋಪುರ ಏರುವ ಫಿಟ್ಟರ್, ರೆಕ್ಕೆ ಸಾಗಿಸುವ ಉದ್ದ ಲಾರಿಯ ಡ್ರೈವರ್, ಅಡಿಪಾಯಕ್ಕೆ ಕಾಂಕ್ರೀಟ್ ಹಾಕುವ ಗೌಂಡಿ ಇವರಿಗೆಲ್ಲ ಆ ವರ್ಷ ಏನಾಗಿರುತ್ತದೆ? ಕೆಲಸವೂ ಹೋಯಿತು, ಹಸಿರು ಕರೆಂಟೂ ಬರಲಿಲ್ಲ. ಇಲ್ಲಿ ನಿರುದ್ಯೋಗ ಏರಿದಾಗ ಇಂಗಾಲ ಇಳಿಯುವುದಿಲ್ಲ. ಎರಡೂ ಒಟ್ಟಿಗೆ ಕೆಡುತ್ತವೆ.

ಆರ್ಥಿಕ ಕುಸಿತ ಜೋರಾದಾಗ ಸರ್ಕಾರಗಳ ಮೇಲೂ ಒತ್ತಡ ಬೀಳುತ್ತದೆ. ಮೊದಲು ಕೆಲಸ, ಆಮೇಲೆ ಪರಿಸರ ಎನ್ನುವ ಮಾತು ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ. 2020ರ ಜೂನ್‌ನಲ್ಲಿ, ಕೊರೊನಾದ ನಡುವೆ, ನಮ್ಮಲ್ಲಿ ಖಾಸಗಿಯವರಿಗೆ ವಾಣಿಜ್ಯ ಗಣಿಗಾರಿಕೆಗಾಗಿ 41 ಕಲ್ಲಿದ್ದಲು ನಿಕ್ಷೇಪಗಳ ಹರಾಜು ಶುರುವಾಯಿತು. ಉದ್ಯೋಗವೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಒಮ್ಮೆ ತೆರೆದ ಗಣಿ ದಶಕಗಟ್ಟಲೆ ನಡೆಯುತ್ತದೆ.

ಕೆಲಸ ಕೊಡುವುದು ಮತ್ತು ಇಂಗಾಲ ಇಳಿಸುವುದು ಜಗಳ ಆಡಲೇಬೇಕೆಂದಿಲ್ಲ. ನರೇಗಾ ಕೆಲಸಗಳನ್ನೇ ನೋಡಿ. ಬದು, ಕೃಷಿ ಹೊಂಡ, ಕೆರೆ ಹೂಳು, ಗಿಡ ನೆಡುವುದು ಇವೆಲ್ಲ ಬಡವರಿಗೆ ಕೂಲಿ ಕೊಡಲು ಮಾಡಿದ್ದು. ಈ ಕೆಲಸಗಳಿಂದ ಮಣ್ಣು ಮತ್ತು ಮರಗಳಲ್ಲಿ ಸೇರಿಕೊಂಡ ಇಂಗಾಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಅಂದಾಜು ಮಾಡಿತು. 2017-18ರಲ್ಲಿ ಅದು ಸುಮಾರು 10 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಬರದ ಸೀಮೆಯಲ್ಲಿ ಗುದ್ದಲಿ ಹಿಡಿದ ಹೆಣ್ಣುಮಕ್ಕಳ ದುಡಿಮೆ ಅದು. ಅದರ ಸುದ್ದಿ ಇನ್ನೂ ಜಾಸ್ತಿ ಜನರಿಗೆ ಮುಟ್ಟಬೇಕಿತ್ತು.

ನಮ್ಮ ಓಣಿಯಲ್ಲಿ ಸಣ್ಣ ಕಾಸ್ಟಿಂಗ್ ಘಟಕ ನಡೆಸುವ ಒಬ್ಬ ಕಾಕಾ ಇದ್ದಾರೆ. 2021ರ ಬೇಸಿಗೆಯಲ್ಲಿ ಶೆಡ್ಡಿನ ಮೇಲೆ 50 ಕಿಲೋವ್ಯಾಟ್ ಸೋಲಾರ್ ಹಾಕಿಸಲು ಕೊಟೇಶನ್ ತರಿಸಿದ್ದರು. ಅಕ್ಟೋಬರ್‌ನಲ್ಲಿ ಸೋಲಾರ್ ಮೇಲಿನ ಜಿಎಸ್‌ಟಿ ಶೇ. 5ರಿಂದ 12ಕ್ಕೆ ಏರಿತು. 2022ರ ಏಪ್ರಿಲ್‌ನಿಂದ ಹೊರದೇಶದ ಪ್ಯಾನೆಲ್‌ಗೆ ಶೇ. 40 ಸುಂಕ ಬಂತು. "ಕಾಕಾ, ಪ್ಯಾನೆಲ್ ಯಾವಾಗ ಹಾಕಸ್ತೀರಿ?" ಅಂತ ನಾನು ಕೇಳಿದಾಗಲೆಲ್ಲ ಒಂದೇ ಉತ್ತರ: "ಈಗ ಬ್ಯಾಡ ತಡಿ ತಮ್ಮಾ. ಮುಂದಿನ ಬಜೆಟ್‌ನ್ಯಾಗ ಏನ್ ಅಂತಾರ ನೋಡೂಣು." ಆ ಹೊತ್ತಿಗೆ ಇಬ್ಬರು ಹುಡುಗರನ್ನು ಸೇರಿಸಿಕೊಳ್ಳುವ ಮಾತೂ ಇತ್ತು. ಅದನ್ನೂ ತಡೆದರು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಮತ್ತೆ ಶೇ. 5ಕ್ಕೆ ಬಂತು. ದೀಪಾವಳಿ ಮುಗಿದ ಮೇಲೆ ಕಾಕಾ ಪ್ಯಾನೆಲ್ ಹಾಕಿಸಿದರು. ನಮ್ಮ ಬಿಸಿಲಿಗೆ 50 ಕಿಲೋವ್ಯಾಟ್ ವರ್ಷಕ್ಕೆ ಸುಮಾರು 70,000 ಯೂನಿಟ್ ಕೊಡುತ್ತದೆ. ಯೂನಿಟ್‌ಗೆ 0.7 ಕಿಲೋ ಹಿಡಿದರೆ ವರ್ಷಕ್ಕೆ 49 ಟನ್. ಕಾದ ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ 200 ಟನ್. ಅದು ಒಂದು ಶೆಡ್ಡಿನದು. ಸೇರಿಸಿಕೊಳ್ಳಬೇಕಿದ್ದ ಆ ಇಬ್ಬರು ಹುಡುಗರಲ್ಲಿ ಒಬ್ಬ ಈಗ ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಕಾಕಾ ಫೋನ್ ಮಾಡಿ ಕರೆದರಂತೆ. ಇಲ್ಲೇ ಖೋಲಿ ಮಾಡಿದೀನಿ, ಇನ್ನ ಬರಾಕ ಆಗೂದಿಲ್ರೀ ಎಂದನಂತೆ.